ಮುಚ್ಚಿದ ಟೆಂಪೋದಲ್ಲಿ ಕೂತು ದಾರಿ ಹೇಳಿದವರು

ತಾಳಿ, ಎದ್ದು ಹೋಗಬೇಡಿ. ಸಿಮೆಂಟು ಸಾಗಿಸುವ ಒಂದು ಟೆಂಪೋ. ಹಿಂದಿನ ಬಾಗಿಲು ಹಾಕಿದೆ. ಒಳಗೆ ಕತ್ತಲಲ್ಲಿ ಆಫ್ರಿಕಾದ ಹಿರಿಯರೊಬ್ಬರು ಮೊಳಕಾಲ ಮೇಲೆ ನಕಾಶೆ ಹರಡಿಕೊಂಡು, ಕೈಯಲ್ಲಿ ಪೆನ್ಸಿಲ್ ಹಿಡಿದು ಕೂತಿದ್ದಾರೆ. ಅವರು ಪುಣೆಗೆ ಬಂದು ಇನ್ನೂ ಒಂದು ದಿನ ಆಗಿಲ್ಲ. ಹೊರಗಿನದು ಏನೂ ಕಾಣುವುದಿಲ್ಲ. ಆದರೂ "ಈಗ ಇಲ್ಲಿದ್ದೇವೆ" ಎಂದು ಗುರುತು ಹಾಕುತ್ತಾರೆ. ಪಕ್ಕದಲ್ಲಿ ಟಾರ್ಚ್ ಹಿಡಿದು ಕೂತವಳು ನಾನು. ಅಲ್ಲಿಗೆ ಬರುತ್ತೇನೆ. ಮೊದಲು ಆ ದಿನಗಳ ಬಗ್ಗೆ ಒಂದಿಷ್ಟು.

ಆಗ ಎಂಬತ್ತರ ದಶಕ ಶುರುವಾಗಿತ್ತಷ್ಟೆ. ನನಗೆ ಹನ್ನೊಂದು ವರ್ಷ. ಅಪ್ಪನಿಗೆ ನಾಸಿಕದಲ್ಲಿ ಕೆಲಸ ಸಿಕ್ಕಿತ್ತು. ನಡುವೆ ಶಾಲೆ ಬಿಡಿಸುವುದು ಬೇಡವೆಂದು ನನ್ನನ್ನು ಶಿವಾಜಿನಗರದಲ್ಲಿ ಅಮ್ಮನ ತವರಲ್ಲೇ ಬಿಟ್ಟಿದ್ದರು. ಅಲ್ಲಿ ಅಜ್ಜ, ಅಜ್ಜಿ ಮತ್ತು ಟೆಂಪೋ ಓಡಿಸುವ ಬಸುಮಾಮಾ. ವಿಜಾಪುರದ ಕಡೆಯಿಂದ ಬಂದು ಎಷ್ಟೋ ವರ್ಷವಾಗಿದ್ದರೂ ಹೊಸ್ತಿಲ ಒಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಬೇಸಿಗೆ ರಜೆ ಎಂದರೆ ನನಗೆ ಮಾಳಿಗೆ. ಅಜ್ಜಿ ಹಳೇ ಧೋತರ ಹಾಸಿ ಸಂಡಿಗೆ ಇಡುತ್ತಿದ್ದಳು. ಕಾಗೆ ಓಡಿಸುವ ಕೆಲಸ ನನ್ನದು. ಮೇಲೆ ಗರಿಯಾಗಿ ಒಳಗಿನ್ನೂ ಮೆತ್ತಗಿರುವ ಸಂಡಿಗೆಯ ರುಚಿ ಗೊತ್ತಿದ್ದವರಿಗೆ, ಕಾಗೆಗಿಂತ ನಾನೇ ಹೆಚ್ಚು ತಿಂದೆ ಎಂದು ಬಿಡಿಸಿ ಹೇಳಬೇಕಿಲ್ಲ. ಸುಡುವ ಫರಸಿ ಕಲ್ಲು, ಒಣಮೆಣಸಿನಕಾಯಿಯ ಘಾಟು, ಉಪ್ಪುಖಾರ ಹಚ್ಚಿದ ಮಾವಿನಕಾಯಿ.

ಆ ಮಾಳಿಗೆಯ ಮೇಲೊಂದು ಕೋಣೆ, ನಮ್ಮ ಮಾತಿನಲ್ಲಿ ಖೋಲಿ. ಅದರಲ್ಲಿ ಕ್ವೇಸಿ.

ಕ್ವೇಸಿ ಪಶ್ಚಿಮ ಆಫ್ರಿಕಾದ ಘಾನಾ ದೇಶದವನು. ಪುಣೆಯ ಕಾಲೇಜಿನಲ್ಲಿ ಕೊನೆಯ ವರ್ಷ ಓದುತ್ತಿದ್ದ. ಆಗ ಊರಲ್ಲಿ ಆಫ್ರಿಕಾದ ಹುಡುಗರು ಸಾಕಷ್ಟು ಇದ್ದರು, ಅವರಿಗೆ ಖೋಲಿ ಕೊಡುವವರು ಮಾತ್ರ ಕಡಿಮೆ. ಬಾಗಿಲು ತೆರೆದವರು ಮುಖ ನೋಡಿ "ಜಾಗಾ ನಾಹೀ" ಎಂದು ಮತ್ತೆ ಮುಚ್ಚುತ್ತಿದ್ದರು. ಓಣಿಯವರೆಲ್ಲ ಬೇಡವೆಂದರೂ ನಮ್ಮಜ್ಜ ಕೊಟ್ಟಿದ್ದ. "ಖೋಲಿ ಖಾಲಿ ಅದ, ಹುಡುಗ ಓದಾಂವ. ಮತ್ತೇನ್ ನೋಡೂದದ?" ಎಂದಿದ್ದನಂತೆ.

ಅವರ ಕಡೆ ಹುಟ್ಟಿದ ವಾರವೇ ಹೆಸರು. ಕ್ವೇಸಿ ಎಂದರೆ ಭಾನುವಾರ ಹುಟ್ಟಿದವನು. ಅಜ್ಜಿಗೆ ಇದು ಭಾರಿ ಹಿಡಿಸಿತು. "ರವಿವಾರ ಹುಟ್ಟ್ಯಾನಂದ್ರ ರವಿ ಅಂತನೇ ಕರೀತೀನಿ ತಗೋ" ಎಂದು ಕರೆದೂಬಿಟ್ಟಳು. ಅವನು ಶೇಂಗಾ ಅರೆದು, ಟೊಮೆಟೊ ಹಾಕಿ, ಕಣ್ಣಲ್ಲಿ ನೀರು ಬರುವಷ್ಟು ಖಾರದ ಗಟ್ಟಿ ಸಾರು ಮಾಡುತ್ತಿದ್ದ. ಅಜ್ಜಿ ಒಂದು ದಿನ ಬಟ್ಟಲು ಮೂಸಿ ನೋಡಿ, "ಅಯ್ಯ, ಸಮುದ್ರದ ಆಚಿಂದ ಬಂದು ನಮ್ಮ ಶೇಂಗಾ ಹಿಂಡಿಗೇ ನೀರು ಹಾಕ್ಯಾನಲ್ಲ!" ಎಂದು ನಕ್ಕಿದ್ದಳು. ಹಿಂಡಿ ಎಂದರೆ ನಮ್ಮ ಕಡೆ ಚಟ್ನಿಪುಡಿ.

ಇನ್ನು ನಮ್ಮಜ್ಜ. ಅವನದು ಗಾಳಿಯ ಕೆಲಸ. ಮರಾಠಿ ನೆರೆಯವರು ಅವನನ್ನು "ವಾರೇವಾಲೆ ಆಜೋಬಾ" ಎನ್ನುತ್ತಿದ್ದರು, ಅಂದರೆ ಗಾಳಿಯ ಅಜ್ಜ. ಹವಾಮಾನದ ನೌಕರಿಯಿಂದ ನಿವೃತ್ತನಾಗಿದ್ದ. ಎರಡನೇ ಮಹಾಯುದ್ಧದ ಕಾಲಕ್ಕೆ ಇಪ್ಪತ್ತರ ಹುಡುಗ, ಪೂರ್ವದ ಕಡೆಯ ಒಂದು ವಿಮಾನ ನಿಲ್ದಾಣದಲ್ಲಿದ್ದ. ಬೆಳಗ್ಗೆ ಎದ್ದು ಒಂದು ಬಲೂನು ಬಿಡುವುದು, ಅದು ಏರಿದಂತೆಲ್ಲ ದುರ್ಬೀನಿನಲ್ಲಿ ಹಿಂಬಾಲಿಸುವುದು, ಎಷ್ಟು ಎತ್ತರದಲ್ಲಿ ಗಾಳಿ ಯಾವ ಕಡೆಗೆ ಎಷ್ಟು ಜೋರಾಗಿ ತಳ್ಳುತ್ತಿದೆ ಎಂದು ಚೀಟಿಯಲ್ಲಿ ಬರೆಯುವುದು. ಆ ಚೀಟಿ ಹಿಡಿದು ವಿಮಾನದವರು ಹೊರಡುತ್ತಿದ್ದರು. ಕೆಲವರು ತಿರುಗಿ ಬರುತ್ತಿರಲಿಲ್ಲ.

ಒಂದು ಸಂಜೆ ಅಜ್ಜ ಮಾಳಿಗೆಯ ಮೇಲೆ ನಿಂತು ಗಾಳಿ ನೋಡುತ್ತಿದ್ದಾಗ ಕ್ವೇಸಿ ಇಂಗ್ಲಿಷಿನಲ್ಲಿ ಹೇಳಿದ, "ನಮ್ಮಪ್ಪನೂ ಗಾಳಿಯ ಲೆಕ್ಕ ಹಾಕುತ್ತಿದ್ದರು. ಅದೇ ಯುದ್ಧದಲ್ಲಿ, ಬಾಂಬರ್ ವಿಮಾನದಲ್ಲಿ."

"ನೆಲದ ಮೇಲಿನ ಕೆಲಸವೇ?" ಅಜ್ಜ ಕೇಳಿದ.

"ಅಲ್ಲ, ವಿಮಾನದ ಒಳಗೆ. ದಾರಿ ಹೇಳುವ ನ್ಯಾವಿಗೇಟರ್. ಇಂಗ್ಲೆಂಡಿನಿಂದ ಜರ್ಮನಿಗೆ. ಏಳು ಜನರಲ್ಲಿ ಆರು ಬಿಳಿಯರು, ಒಬ್ಬರು ನಮ್ಮಪ್ಪ."

ಅಜ್ಜ ನೆಟ್ಟಗೆ ಮೆಟ್ಟಿಲಿಳಿದ. ಕೆಳಗೆ ಬಂದು ಅಜ್ಜಿಗೆ ಹೇಳಿದ, "ಹುಡುಗ ಸುಳ್ಳ ಹೇಳ್ಯಾನ."

"ಯಾಕ್ರಿ?"

"ನಾಲ್ಕು ವರ್ಷ ಅವರ ನಡುವ ನಿಂತೇನಿ ನಾ. ಹಾರೋರ ಪೈಕಿ ಒಬ್ಬನೂ ಕರಿಯ ಮನಷ್ಯಾನ್ನ ನೋಡಿಲ್ಲ. ನಮ್ಮಂಥಾವರಿಗೇ ವಿಮಾನದ ಏಣಿ ಹತ್ತಗೊಡ್ತಿದ್ದಿಲ್ಲ. ಸತ್ತ ಹುಡುಗೂರ ಹೆಸರಿನ ಮ್ಯಾಲೆ ಕಥೀ ಕಟ್ಟಬಾರದು. ಈ ತಿಂಗಳು ಮುಗೀಲಿ, ಬ್ಯಾರೆ ಕಡೆ ನೋಡ್ಕೋ ಅಂತೀನಿ."

"ಪರೀಕ್ಷಾ ಎದುರಿಗೆ ಇಟ್ಕೊಂಡು ಅಂವ ಎಲ್ಲಿ ಹೋಗ್ಬೇಕ್ರಿ? ಈ ಒಂದು ಖೋಲಿ ಸಿಗಬೇಕಾದ್ರ ಎಷ್ಟು ಬಾಗ್ಲಾ ಬಡದಿದ್ದ!"

"ಸುಳ್ಳ ಹೇಳೋರಿಗೆ ನನ್ನ ಮನ್ಯಾಗ ಜಾಗಾ ಇಲ್ಲ."

ಅಜ್ಜ ಒಮ್ಮೆ ಹೇಳಿದರೆ ಮುಗಿಯಿತು. ಮರುದಿನ ಕ್ವೇಸಿಗೂ ಹೇಳಿಬಿಟ್ಟ. ಕ್ವೇಸಿ ವಾದ ಮಾಡಲಿಲ್ಲ. "ಸರಿ ಸರ್" ಎಂದು ಮೇಲೆ ಹೋಗಿ ಪುಸ್ತಕ ತೆರೆದು ಕೂತ. ನಾನು ಬಾಗಿಲಿನಿಂದ ಇಣುಕಿದಾಗ ಎಷ್ಟೋ ಹೊತ್ತು ಅದೇ ಪುಟವೇ ಇತ್ತು.

ನನಗೆ ಅವನ ಮಾತು ನಿಜ ಎಂದು ಗೊತ್ತಿತ್ತು. ಯಾಕೆಂದರೆ ಅಪ್ಪನಿಂದ ಕಲಿತದ್ದನ್ನು ಅವನು ನನಗೆ ಕಲಿಸಿದ್ದ. ಆರು ನಿಮಿಷದ ಆಟ! ನ್ಯಾವಿಗೇಟರ್ ವಿಮಾನದಲ್ಲಿ ಪರದೆ ಎಳೆದುಕೊಂಡು, ಸಣ್ಣ ದೀಪದ ಕೆಳಗೆ ಕೂತಿರುತ್ತಾನಂತೆ. ಹೊರಗೆ ನೋಡುವುದೇ ಇಲ್ಲ. ಆರು ನಿಮಿಷಕ್ಕೊಮ್ಮೆ ನಕಾಶೆಯ ಮೇಲೆ ಒಂದು ಗುರುತು. ಆರು ನಿಮಿಷವೇ ಯಾಕೆ? ಗಂಟೆಯ ಹತ್ತನೇ ಒಂದು ಭಾಗ ಅದು. ಗಂಟೆಗೆ ಮೂವತ್ತು ಕಿಲೋಮೀಟರ್ ಹೋಗುತ್ತಿದ್ದರೆ ಆರು ನಿಮಿಷಕ್ಕೆ ಮೂರು. ಒಂದು ಸೊನ್ನೆ ತೆಗೆದರಾಯಿತು! ಇದು ತಲೆಗೆ ಹೊಕ್ಕ ದಿನ ನಾನು ಊಟ ಬಿಟ್ಟಿದ್ದೆ. ಸಿಟಿ ಬಸ್ಸಿನಲ್ಲಿ ಕಣ್ಣು ಮುಚ್ಚಿ ಕೂತು ನಿಲ್ದಾಣದ ಹೆಸರು ಹೇಳುವುದು, ಅಂಗಳದಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಹೆಜ್ಜೆ ಎಣಿಸಿ ತುಳಸಿಕಟ್ಟೆ ಮುಟ್ಟುವುದು. ಎರಡು ಸಲ ಕಟ್ಟೆಗೆ ಹಣೆ ಚಚ್ಚಿಕೊಂಡಿದ್ದೆ. "ತಪ್ಪಾದದ್ದಕ್ಕೆ ಅಳಬೇಡ, ಎಷ್ಟು ತಪ್ಪಾಯಿತು ಅಂತ ಅಳೆ" ಎನ್ನುತ್ತಿದ್ದ ಕ್ವೇಸಿ. ಇಂಥದ್ದನ್ನು ಯಾರಾದರೂ ಸುಮ್ಮನೆ ಕಟ್ಟಿ ಹೇಳುತ್ತಾರಾ?

ಆ ತಿಂಗಳು ಮುಗಿಯುವ ಮೊದಲೇ ಕ್ವೇಸಿಗೆ ಕಾಗದ ಬಂತು. ಅವನ ಅಪ್ಪ ಮಿಸ್ಟರ್ ಮೆನ್ಸಾ ತಮ್ಮ ಊರಿನ ಬಂದರಿನಲ್ಲಿ ಅಧಿಕಾರಿ. ಯಾವುದೋ ಕೆಲಸಕ್ಕೆ ಬೊಂಬಾಯಿಗೆ ಬರುವವರು, ಎರಡು ದಿನ ಪುಣೆಗೂ ಬರುತ್ತಾರೆ. ಅಜ್ಜಿ ಯಾರನ್ನೂ ಕೇಳದೆ ಊಟಕ್ಕೆ ಕರೆದಳು. "ಮಗ ನಮ್ಮ ಮನ್ಯಾಗ ಇರೂತನ ಅಪ್ಪ ನಮ್ಮ ಪಾಹುಣೇರು" ಎಂದಳು. ಪಾಹುಣೇರು, ಅಂದರೆ ಅತಿಥಿಗಳು, ಎಂದ ಮೇಲೆ ಅಜ್ಜ ಬಾಯಿ ತೆರೆಯುವ ಹಾಗಿಲ್ಲ.

ಅವರು ಬಂದರು. ತೆಳ್ಳಗೆ, ಎತ್ತರಕ್ಕೆ, ಬಿಳಿಗೂದಲು. ಒಂದು ಕಾಲು ಸ್ವಲ್ಪ ಎಳೆದು ನಡೆಯುತ್ತಿದ್ದರು. ಚಪ್ಪಲಿಯನ್ನು ಹೊರಗೆ ನೇರವಾಗಿ ಜೋಡಿಸಿಟ್ಟು ಒಳಗೆ ಬಂದರು. ಮಣೆಯ ಮೇಲೆ ಚಕ್ಕಳಮಕ್ಕಳ ಹಾಕಲು ಆ ಕಾಲು ಒಪ್ಪದೆ, ಅದನ್ನು ಬದಿಗೆ ಚಾಚಿ ಕೂತರು. ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ, ಮಾವಿನಹಣ್ಣಿನ ಸೀಕರಣೆ. ಅಜ್ಜ ಮರ್ಯಾದೆಯಿಂದಲೇ ಇದ್ದ. ಬಿಸಿಲು, ಹಡಗು, ಬೊಂಬಾಯಿ ಎಲ್ಲದರ ಮಾತಾಡಿದ, ಯುದ್ಧದ್ದೊಂದು ಬಿಟ್ಟು. ಅಪ್ಪನಿಗೆ ಏನೂ ತಿಳಿಯಬಾರದೆಂದು ಕ್ವೇಸಿ ತಟ್ಟೆಯಿಂದ ತಲೆ ಎತ್ತಲೇ ಇಲ್ಲ.

ನನ್ನಿಂದ ತಡೆಯಲಾಗಲಿಲ್ಲ. ಶಾಲೆಯ ಇಂಗ್ಲಿಷಿನಲ್ಲೇ ಹೇಳಿಬಿಟ್ಟೆ: "ನೀವು ವಿಮಾನದಲ್ಲಿ ಇದ್ದದ್ದು ಸುಳ್ಳು ಅಂತಾರೆ ಅಜ್ಜ. ಅದಕ್ಕೇ ಕ್ವೇಸಿಯ ಖೋಲಿ ಬಿಡಿಸುತ್ತಿದ್ದಾರೆ."

ಅಜ್ಜಿಗೆ ಇಂಗ್ಲಿಷ್ ಬಾರದಿದ್ದರೂ ನಮ್ಮ ಮುಖ ನೋಡಿಯೇ ತಿಳಿಯಿತು. "ಏನ್ ಒದರಿದೆ ಕುಸುಮಿ?" ಎಂದಳು ಮೆಲ್ಲಗೆ.

ಮಿಸ್ಟರ್ ಮೆನ್ಸಾ ಕೈಯಲ್ಲಿದ್ದ ತುತ್ತನ್ನು ತಿಂದು ಮುಗಿಸಿದರು. ಅಜ್ಜನನ್ನು ನೋಡಿ ಕೇಳಿದರು, "ನೀವು ಯುದ್ಧದಲ್ಲಿ ಏನು ಮಾಡುತ್ತಿದ್ದಿರಿ?"

"ಬಲೂನು ಬಿಟ್ಟು ಗಾಳಿ ಅಳೆಯುತ್ತಿದ್ದೆ."

"ಹಾಗಾದರೆ ನೀವು ನೋಡದ್ದನ್ನು ಬರೆಯುವವರಲ್ಲ. ನಾನೂ ನಿಮ್ಮ ಜಾಗದಲ್ಲಿದ್ದರೆ ನಂಬುತ್ತಿರಲಿಲ್ಲ. ಈ ಊರಿನ ನಕಾಶೆ ಇದೆಯೇ? ಒಂದು ದಿಕ್ಸೂಚಿ?"

ಎರಡೂ ಇದ್ದವು. ಅಜ್ಜನದು ಹಿತ್ತಾಳೆಯ ಹಳೇ ದಿಕ್ಸೂಚಿ. ಮೆನ್ಸಾ ಅವರು ಹೇಳಿದರು, "ನನ್ನನ್ನು ಎಲ್ಲೂ ಏನೂ ಕಾಣದ ಹಾಗೆ ಕೂರಿಸಿ, ಎಲ್ಲಿಗೆ ಬೇಕೋ ಕರೆದುಕೊಂಡು ಹೋಗಿ. ಎಲ್ಲಿದ್ದೇನೆ ಎಂದು ನಾನು ಹೇಳುತ್ತೇನೆ."

ಅಜ್ಜ "ಪಾಹುಣೇರನ್ನ ಪರೀಕ್ಷಾ ಮಾಡೂದೇನು, ಛೇ" ಎಂದ. ಬಸುಮಾಮಾ ಬಿಡಬೇಕಲ್ಲ! ಅಜ್ಜನ ಬಾಯಿಂದ ವಿಷಯ ತಿಳಿದದ್ದೇ ತಡ, ಕೈ ತೊಳೆಯಲು ಎದ್ದ. "ಅವರೇ ಕೇಳ್ಯಾರ ಅಪ್ಪಾ. ನನ್ನ ಗಾಡ್ಯಾಗ ಕೂಡ್ಸ್ರಿ. ಬಾಗ್ಲಾ ಹಾಕಿದ್ರ ಹಗಲೋ ರಾತ್ರಿಯೋ ಗೊತ್ತಾಗಂಗಿಲ್ಲ. ನಾ ಕರಕೊಂಡು ಹೋಗೂದು ನನಗೊಬ್ಬನಿಗೇ ಗೊತ್ತು."

ಮನೆಯ ಹಿಂದಿನ ಮೈದಾನಕ್ಕೆ ಟೆಂಪೋ ಬಂತು. ಕೂಡಲೇ ಹೊರಡುತ್ತೇವೆ ಎಂದುಕೊಂಡಿದ್ದೆ. ಇಲ್ಲ! ಮಿಸ್ಟರ್ ಮೆನ್ಸಾ ಸುಣ್ಣದ ತುಂಡು ಕೇಳಿದರು. ಟೆಂಪೋದಿಂದ ದೂರ ಹೋಗಿ ದಿಕ್ಸೂಚಿಯನ್ನು ನೆಲದ ಮೇಲಿಟ್ಟು, ಉತ್ತರ ಎಲ್ಲಿದೆಯೋ ನೋಡಿ, ಗಟ್ಟಿ ನೆಲದ ಮೇಲೆ ಉದ್ದನೆಯ ಗೆರೆ ಎಳೆದರು. ಅದಕ್ಕೆ ಅಡ್ಡ ಇನ್ನೊಂದು. ಆಮೇಲೆ ಮಾಮಾನಿಗೆ, ಟೆಂಪೋವನ್ನು ಈ ಗೆರೆಗೆ ಸರಿಯಾಗಿ ಉತ್ತರಕ್ಕೆ ಮುಖ ಮಾಡಿ ನಿಲ್ಲಿಸು ಎಂದು ಕೈಸನ್ನೆ. ದಿಕ್ಸೂಚಿ ಹಿಡಿದು ಒಳಗೆ ಹತ್ತಿದರು, ಏನೋ ಬರೆದುಕೊಂಡರು, ಇಳಿದರು. ಈಗ ಪೂರ್ವಕ್ಕೆ. ಮತ್ತೆ ಹತ್ತಿದರು, ಬರೆದರು, ಇಳಿದರು. ಈಗ ದಕ್ಷಿಣಕ್ಕೆ.

ಓಣಿಯ ಮಕ್ಕಳೆಲ್ಲ ಸೇರಿ ಕೇಕೆ ಹಾಕತೊಡಗಿದರು. ಮಾಮಾ ಕಿಟಕಿಯಿಂದ ತಲೆ ಹೊರಹಾಕಿ, "ಅಪ್ಪಾ, ಇವ್ರು ಗಾಡಿಗೆ ಪ್ರದಕ್ಷಿಣಿ ಹಾಕ್ಸಲಿಕತ್ತಾರ. ಕಾಯಿ ಒಡೀಬೇಕೇನು ಕೇಳ್ರಿ!" ಎಂದು ಕೂಗಿದ.

ನಾನೂ ನಕ್ಕೆ. ಆದರೆ ಅಜ್ಜನ ಮುಖದಲ್ಲಿ ನಗು ಇರಲಿಲ್ಲ. ಅಜ್ಜ ಒಂದು ಹೆಜ್ಜೆ ಮುಂದೆ ಬಂದ, ಇನ್ನೊಂದು ಹೆಜ್ಜೆ.

"ಬಸೂ, ಸುಮ್ನಿರು" ಎಂದ. ಆಮೇಲೆ ನನ್ನ ಕಡೆ ತಿರುಗಿ, ನನಗೆ ಹೇಳುವಂತೆ ತನಗೇ ಹೇಳಿಕೊಂಡ. "ಕಬ್ಬಿಣದ ಪೆಟ್ಟಿಗ್ಯಾಗ ದಿಕ್ಸೂಚಿ ಸುಳ್ಳ ತೋರಸ್ತದ ಕುಸುಮಿ. ಯಾವ ಕಡೆ ಮುಖಾ ಮಾಡಿದಾಗ ಎಷ್ಟು ಸುಳ್ಳ ಅಂತ ಮೊದಲೇ ಬರ್ಕೋಬೇಕು. ನಮ್ಮ ಏರೋಡ್ರೋಮಿನ ಮೂಲ್ಯಾಗ ದುಂಡನೆ ಕಟ್ಟೀ ಇತ್ತು. ವಿಮಾನಾ ತಂದು ಅದರ ಮ್ಯಾಲೆ ಹಿಂಗೇ ತಿರುಗಸ್ತಿದ್ರು. ಹಿಂಗೇ."

ಮಿಸ್ಟರ್ ಮೆನ್ಸಾ ಈಗ ನಡುವಿನ ಮೂಲೆಗಳಿಗೆ ಗೆರೆ ಎಳೆಯಲು ಬಗ್ಗುತ್ತಿದ್ದರು. ಕಾಲು ಮಡಿಯುತ್ತಿರಲಿಲ್ಲ. ಅಜ್ಜ ಹೋಗಿ ಅವರ ಕೈಯಿಂದ ಸುಣ್ಣದ ತುಂಡು ತೆಗೆದುಕೊಂಡ. ಮಡಿ ಧೋತರದಲ್ಲೇ ಮಣ್ಣಿನ ಮೇಲೆ ಮೊಳಕಾಲೂರಿ ಉಳಿದ ಗೆರೆಗಳನ್ನು ತಾನೇ ಎಳೆದ. ಮಕ್ಕಳ ಕೇಕೆ ಯಾವಾಗ ನಿಂತಿತೋ ನನಗೆ ಗೊತ್ತಾಗಲಿಲ್ಲ.

ಎಂಟೂ ದಿಕ್ಕು ಮುಗಿದ ಮೇಲೆ ಹಳೇ ಲಗ್ನಪತ್ರಿಕೆಯ ಹಿಂಬದಿಯಲ್ಲಿ ಒಂದು ಸಣ್ಣ ಪಟ್ಟಿ ತಯಾರಾಗಿತ್ತು. ಇನ್ನು ಹೋಗಬೇಕಿಲ್ಲ ಎಂದ ಅಜ್ಜ. ಮಿಸ್ಟರ್ ಮೆನ್ಸಾ ತಲೆ ಅಲ್ಲಾಡಿಸಿದರು. "ಹೋಗಲೇಬೇಕು. ಹುಡುಗಿ ನೋಡಬೇಕಲ್ಲ."

ಒಳಗೆ ಅವರು, ಅಜ್ಜ, ಕ್ವೇಸಿ, ನಾನು. ಬಾಗಿಲು ಧಡ್ ಎಂದು ಮುಚ್ಚಿತು. ಮುಂದಿನ ಸಣ್ಣ ಕಿಂಡಿಗೆ ಗೋಣಿಚೀಲ ಕಟ್ಟಿದ್ದರು. ಸಿಮೆಂಟಿನ ಪುಡಿ ಮೂಗಿಗೆ ಏರುತ್ತಿತ್ತು, ತಗಡು ಕಾದು ಒಳಗೆಲ್ಲ ಬೆಂದ ಹಾಗೆ. ನಾನು ಟಾರ್ಚ್ ಹಿಡಿದೆ. ಮಾಮಾ ವೇಗ ಎಷ್ಟೆಂದು ಕೂಗಿ ಹೇಳಬೇಕು, ನಿಂತರೆ "ನಿಂತೆ" ಎನ್ನಬೇಕು. ಅಜ್ಜ ಅದನ್ನು ಇಂಗ್ಲಿಷಿಗೆ ತಿರುಗಿಸಬೇಕು. ಇಷ್ಟೇ ಒಪ್ಪಂದ.

"ನಲವತ್ತು!" ಎಂದು ಕೂಗಿದ ಮಾಮಾ.

ಮಿಸ್ಟರ್ ಮೆನ್ಸಾ ಗಡಿಯಾರ ನೋಡಿದರು, ದಿಕ್ಸೂಚಿ ನೋಡಿದರು, ಪಟ್ಟಿ ನೋಡಿದರು, ಒಂದು ಗೆರೆ ಎಳೆದರು. ಟೆಂಪೋ ಎಷ್ಟು ಕುಲುಕಿದರೂ ಆ ಗೆರೆ ಒಂದಿಷ್ಟೂ ನಡುಗಲಿಲ್ಲ. ಗೆರೆ ನಕಾಶೆಯ ಮೇಲೆ ನದಿಯನ್ನು ಮುಟ್ಟಿತು. "ಮೂರನೇ ನಿಮಿಷಕ್ಕೆ ಸೇತುವೆ ಬರಬೇಕು" ಎಂದರು.

ಮೂರು ನಿಮಿಷವಾಯಿತು. ಸೇತುವೆ ಇಲ್ಲ. ನಾನು ಟಾರ್ಚನ್ನು ಗಡಿಯಾರದ ಮೇಲೆ ತಿರುಗಿಸಿದೆ. ಕ್ವೇಸಿ ಕಣ್ಣು ಮುಚ್ಚಿಕೊಂಡಿದ್ದ. ಮೂರೂವರೆ. ಇಲ್ಲ. ಹೋಯಿತು, ಎಲ್ಲ ಹೋಯಿತು ಎಂದುಕೊಂಡೆ. ನಾಲ್ಕು ನಿಮಿಷಕ್ಕೆ ಸರಿಯಾಗಿ ಗಾಲಿಯ ಸದ್ದು ಬದಲಾಯಿತು. ಕೆಳಗೆ ನೆಲವಿಲ್ಲದ ಹಾಗೆ ಪೊಳ್ಳು ಸದ್ದು. ತಗಡಿನ ಸಂದಿಯಿಂದ ಮುಠಾ ನದಿಯ ಬೇಸಿಗೆಯ ನಾತ ಒಳಗೆ ನುಗ್ಗಿತು. ಪುಣೆಯವರಿಗೆ ಹೇಳಬೇಕಿಲ್ಲ.

ತಪ್ಪಾಗಿತ್ತು. ಆದರೆ ಅವರ ಮುಖ ಅರಳಿತ್ತು! "ನಮ್ಮ ಲೆಕ್ಕವನ್ನು ತಳ್ಳುತ್ತಿದ್ದ ಗಾಳಿ ಸಿಕ್ಕಿತು" ಎಂದರು ಅಜ್ಜನಿಗೆ. "ಮೂರು ನಿಮಿಷದ್ದು ನಾಲ್ಕಾಯಿತು. ಅಂದರೆ ಡ್ರೈವರ್ ನಲವತ್ತು ಎಂದರೆ ನಿಜಕ್ಕೂ ಮೂವತ್ತು. ಈ ಗಾಡಿಯ ಮೀಟರ್ ಬಡಾಯಿ ಕೊಚ್ಚುತ್ತದೆ."

ಅಜ್ಜ ಗೋಣಿಚೀಲದ ಕಡೆ ಬಾಯಿ ಮಾಡಿ ಕೇಳಿದ, "ಬಸೂ! ನಿನ್ನ ಮೀಟರ್ ಖರೆ ಹೇಳ್ತದೇನು?"

ಮುಂದಿನಿಂದ ಸಣ್ಣ ದನಿ ಬಂತು. "ಹೋದ ವರ್ಷದಿಂದ ಸ್ವಲ್ಪ ಜಾಸ್ತಿ ತೋರಸ್ತದ ಅಪ್ಪಾ. ರಿಪೇರಿಗೆ ಹಾಕಿಲ್ಲ. ನಲವತ್ತರಾಗ ಹೊಂಟೀನಿ ಅಂದ್ರ ಮನಸಿಗೆ ಒಂಥರಾ ಛಲೋ ಅನಸ್ತದ."

ನಮ್ಮ ಮಾಮಾ ಆ ಟೆಂಪೋವನ್ನು ಮದುವೆ ಗಂಡಿನ ಕುದುರೆ ಹಾಗೆ ನೋಡುತ್ತಿದ್ದವನು. ಅದು ಮೂವತ್ತಕ್ಕಿಂತ ಜೋರಾಗಿ ಓಡುವುದಿಲ್ಲ ಎನ್ನುವುದನ್ನು, ಘಾನಾದಿಂದ ಬಂದು ಕತ್ತಲೆಯಲ್ಲಿ ಕೂತವರೊಬ್ಬರು ನಾಲ್ಕೇ ನಿಮಿಷದಲ್ಲಿ ಕಂಡುಹಿಡಿದರು!

ಆಮೇಲೆ ಎಲ್ಲವೂ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ. ಆರನೇ ನಿಮಿಷಕ್ಕೊಂದು ಗುರುತು, ಹನ್ನೆರಡಕ್ಕೊಂದು, ಹದಿನೆಂಟಕ್ಕೊಂದು. "ಈಗ ಎಡಕ್ಕೆ ತಿರುಗುತ್ತಿದ್ದೇವೆ." "ಈಗ ಏರು." ಕೊನೆಗೆ ಟೆಂಪೋ ನಿಂತಿತು. ಅವರು ಧನಕವಡಿ ಎಂದು ಬರೆದಿದ್ದ ಕಡೆ, ರಸ್ತೆಯ ಬಲಗಡೆ ಒಂದು ಸಣ್ಣ ಕತ್ತರಿ ಗುರುತು ಹಾಕಿ ಪೆನ್ಸಿಲ್ ಕೆಳಗಿಟ್ಟರು.

ಬಾಗಿಲು ತೆರೆಯಿತು. ಬೆಳಕಿಗೆ ಕಣ್ಣು ಕುಕ್ಕಿದವು. ಎದುರಿಗೆ ಅರ್ಧ ಕಟ್ಟಿದ ಮನೆಗಳು, ಇಟ್ಟಿಗೆಯ ರಾಶಿ, ದೂರಕ್ಕೆ ಕಾತ್ರಜದ ಗುಡ್ಡ. ಧನಕವಡಿ! ಮಾಮಾ ಸಿಮೆಂಟು ಹಾಕುತ್ತಿದ್ದ ಜಾಗ. ಕತ್ತರಿ ಗುರುತು ಹೇಳಿದ್ದು ರಸ್ತೆಯ ಬಲಕ್ಕೆ, ನಾವಿದ್ದದ್ದು ಎಡಕ್ಕೆ. ಮಿಸ್ಟರ್ ಮೆನ್ಸಾ ಹೆಜ್ಜೆ ಎಣಿಸುತ್ತ ಆಚೆಗೆ ನಡೆದು ಹೋಗಿ ಬಂದರು. "ಇನ್ನೂರು ಹೆಜ್ಜೆ ತಪ್ಪು" ಎಂದು ಲಗ್ನಪತ್ರಿಕೆಯ ಮೇಲೆ ಅದನ್ನೂ ಬರೆದರು.

ಅಲ್ಲಿ ಕೆಲಸ ಮಾಡುತ್ತಿದ್ದವರೆಲ್ಲ ಯಾದಗಿರಿ ಕಡೆಯವರು. ಸುತ್ತ ನೆರೆದರು. ತಲೆಗೆ ಸಿಂಬಿ ಸುತ್ತಿದ್ದ ಒಬ್ಬಾಕೆ ಚೊಂಬಿನಲ್ಲಿ ನೀರು ತಂದಳು. "ಯಾರ್ರೀ ಈ ಹಿರೇರು? ಸಿಮಿಟಿನ ಜೋಡಿ ಇವರನ್ನೂ ತುಂಬ್ಕೊಂಡು ಬಂದೀರಲ್ಲ!"

ಇಟ್ಟಿಗೆಯ ಮೇಲೆ ಕೂತು ನೀರು ಕುಡಿದೆವು. ಅಜ್ಜ ಚೊಂಬು ಕೈಯಲ್ಲೇ ಹಿಡಿದುಕೊಂಡಿದ್ದ. ಕೊನೆಗೆ ಇಂಗ್ಲಿಷಿನಲ್ಲಿ ಕೇಳಿದ, "ನಾವು ಕೆಳಗಿನಿಂದ ಬರೆದು ಕೊಡುತ್ತಿದ್ದ ಗಾಳಿಯನ್ನು ಮೇಲೆ ನೀವು ನಂಬುತ್ತಿದ್ದಿರಾ?"

"ಪೂರ್ತಿ ಯಾವತ್ತೂ ನಂಬಲಿಲ್ಲ. ಅದಿಲ್ಲದೆ ಯಾವತ್ತೂ ಹೊರಡಲೂ ಇಲ್ಲ."

ಅಜ್ಜ ಎರಡು ಸಲ ತಲೆಯಾಡಿಸಿದ. ಆಮೇಲೆ, ಅವರಿಗೆ ಆ ವಿಮಾನದಲ್ಲಿ ಜಾಗ ಸಿಕ್ಕಿದ್ದು ಹೇಗೆ ಎಂದು ಕೇಳಿದ. ಅವರು ಹೇಳುತ್ತ ಹೋದರು. ಮಾಮಾ ಮತ್ತು ಕೆಲಸದವರಿಗೆ ತಿಳಿಯಲೆಂದು ಅಜ್ಜ ಒಂದೊಂದೇ ಮಾತನ್ನು ಕನ್ನಡಕ್ಕೆ ತಿರುಗಿಸಿದ. ಹಾಗಾಗಿ ಆ ಕಥೆ ನನ್ನ ಕಿವಿಯಲ್ಲಿ ಇವತ್ತಿಗೂ ವಿಜಾಪುರದ ಮಾತಿನಲ್ಲೇ ಇದೆ.

"ವಿಮಾನಾ ನಿಲ್ಲಸೂ ದೊಡ್ಡ ಶೆಡ್ಡು ಅಂತ. ಅದರಾಗ ನೂರಾರು ಹುಡುಗೂರನ್ನ ಬಿಟ್ರಂತ. ವಿಮಾನಾ ಹೊಡ್ಯಾವ್ರು, ದಾರಿ ಹೇಳಾವ್ರು, ಬಂದೂಕಿನವ್ರು ಎಲ್ಲಾ ಕೂಡೇ. ಸಾಹೇಬ ಬಂದು, ಯಾರು ಯಾರ ಜೋಡಿ ಹಾರ್ತೀರಿ ನೀವ ನೀವ ಆರಿಸ್ಕೋರಿ ಅಂದನಂತ."

"ಅಂದ್ರ ಹುಡುಗೂರು ಕಬಡ್ಡಿಗೆ ಆರಿಸ್ಕೊಂಡಂಗ?" ಎಂದ ಮಾಮಾ.

"ಹೂಂ. ಎಲ್ಲಾರೂ ಒಬ್ಬರನ್ನೊಬ್ಬರು ಕರಕೊಂಡು ಗುಂಪು ಕಟ್ಟಿದ್ರು. ಇವರು ಚಹಾದ ಕಪ್ಪು ಹಿಡ್ಕೊಂಡು ಗ್ವಾಡಿ ಹತ್ರ ನಿಂತಿದ್ರಂತ. ಲೆಕ್ಕದ ಪರೀಕ್ಷಾದಾಗ ಇವರೇ ಎಲ್ಲಾರಿಗಿಂತ ಮುಂದ. ಆದ್ರ ಯಾರೂ ಹತ್ರ ಬರ್ಲಿಲ್ಲಂತ. ಚಹಾ ಆರಿ ಹೋತಂತ."

ನೀರು ತಂದಾಕೆ ಎದುರಿಗೇ ಕೂತು, "ಪಾಪ" ಎಂದಳು.

"ಕಡೀಕ ಒಬ್ಬ ಒಕ್ಕಲುತನದ ಮನೀ ಹುಡುಗ, ಪೈಲಟ್, ಕೆಂಪು ಕೂದಲಿನಾಂವ, ನೆಟ್ಟಗ ಇವರ ಹತ್ರ ಬಂದನಂತ. ನೀ ಎಲ್ಲಿಯಾಂವ ಅನ್ನಲಿಲ್ಲ, ಹೆಸರೇನ ಅನ್ನಲಿಲ್ಲ. ನನ್ನನ್ನ ತಿರುಗಿ ಮನೀ ಮುಟ್ಟಸ್ತೀಯೇನು? ಇಷ್ಟೇ ಕೇಳಿದ್ನಂತ. ಇವರು ಹೂಂ ಅಂದ್ರಂತ."

ನಾನು ಕೇಳಿದೆ, "ಎಲ್ಲಾ ಸಲಾನೂ ಮುಟ್ಟಿಸಿದಿರಾ?"

ಮಿಸ್ಟರ್ ಮೆನ್ಸಾ ನನ್ನನ್ನು ನೋಡಿದರು. "ಒಂದು ಸಲ ಬಿಟ್ಟು" ಎಂದರು.

ಕೊನೆಯ ಸಲ ರೆಕ್ಕೆಗೆ ಬೆಂಕಿ ಹತ್ತಿತಂತೆ. ಎಲ್ಲರೂ ಪ್ಯಾರಾಚೂಟ್ ಕಟ್ಟಿ ಹಾರಿ ಎಂದ ಪೈಲಟ್. ಎಲ್ಲರೂ ಹಾರುವವರೆಗೂ ವಿಮಾನ ಓಲಾಡದ ಹಾಗೆ ಯಾರಾದರೂ ಹಿಡಿದಿರಬೇಕು, ಅದು ಅವನ ಕೆಲಸ. ಇವರು ಪರದೆ ಸರಿಸಿ ಎದ್ದು ನಿಂತಾಗ ಅವನು ಕೂಗಿ ಕೇಳಿದನಂತೆ, ಮನೆಗೆ ದಿಕ್ಕು ಯಾವುದು? ಇವರು ಗಾಳಿಯ ಲೆಕ್ಕ ಸೇರಿಸಿ, ತಪ್ಪಿಲ್ಲದ ಹಾಗೆ, ದಿಕ್ಕು ಹೇಳಿದರಂತೆ. ಅವನು ಥ್ಯಾಂಕ್ಯೂ ಎಂದನಂತೆ. ಇವರು ಹಾರಿ ಕಾಲು ಮುರಿದುಕೊಂಡು ಸೆರೆ ಸಿಕ್ಕರು. ವಿಮಾನ ಆ ದಿಕ್ಕಿನಲ್ಲೇ ಸ್ವಲ್ಪ ದೂರ ಹೋಗಿ ಬಿತ್ತು.

ಇದನ್ನು ಅಜ್ಜ ಕನ್ನಡಕ್ಕೆ ತಿರುಗಿಸಲಿಲ್ಲ.

"ಏನಂದ್ರು ಅಪ್ಪಾ?" ಮಾಮಾ ಕೇಳಿದ. "ಏನಂದ್ರು?"

ಅಜ್ಜ ಕೈ ಎತ್ತಿ ಬೇಡ ಎಂದ.

ಕ್ವೇಸಿ ಎದ್ದು ನಿಂತಿದ್ದ. "ಇದನ್ನು ನೀವು ನನಗೆ ಹೇಳಿಯೇ ಇರಲಿಲ್ಲ" ಎಂದ ಅಪ್ಪನಿಗೆ.

"ನೀನು ಯಾವಾಗಲೂ ವಿಮಾನದ ಬಗ್ಗೆ ಕೇಳುತ್ತಿದ್ದೆ, ಅದರಲ್ಲಿದ್ದವರ ಬಗ್ಗೆ ಅಲ್ಲ" ಎಂದರು ಅವರು.

ಹೊರಡುವ ಹೊತ್ತಾಯಿತು. ಮಾಮಾ ಅಜ್ಜನಿಗೆ ಮುಂದಿನ ಸೀಟು ಒರೆಸಿ ಕೊಟ್ಟ. ಅಜ್ಜ ಹೋಗಲಿಲ್ಲ. ಹಿಂದೆಯೇ ಹತ್ತಿ ತಗಡಿನ ಮೇಲೆ ಕೂತ. "ಬಾಗ್ಲಾ ಹಾಕು ಬಸೂ. ಬಂದಂಗೇ ಹೋಗೋಣ."

ಮತ್ತೆ ಕತ್ತಲು. ಈ ಸಲ ಟಾರ್ಚ್ ಹಚ್ಚಬೇಡ ಎಂದ ಅಜ್ಜ. ಕುಲುಕಾಟದ ನಡುವೆ ಅವನ ದನಿ ಕೇಳಿತು. ಇಂಗ್ಲಿಷಿನಲ್ಲಲ್ಲ, ಕನ್ನಡದಲ್ಲಿ. ಮೂರು ವರ್ಷ ಅಜ್ಜಿಯ ಕೈರುಚಿ ತಿಂದ ಕ್ವೇಸಿಗೆ ಅಷ್ಟು ಕನ್ನಡ ತಿಳಿಯುತ್ತಿತ್ತು.

"ರವೀ, ನಂದು ತಪ್ಪಾತು. ನಾ ನೋಡಿಲ್ಲ ಅಂದಕೂಡ್ಲೆ ಆಗಿಲ್ಲ ಅಂದ್ಬಿಟ್ಟೆ. ನಿಮ್ಮಪ್ಪನ ಎದುರಿಗೆ ಹೇಳ್ತೀನಿ, ತಪ್ಪಾತು. ಖೋಲಿ ನಿಂದು."

ಹನ್ನೊಂದು ವರ್ಷದಲ್ಲಿ ಆ ಮನೆಯಲ್ಲಿ ಅಜ್ಜನ ಬಾಯಿಂದ ಆ ಮಾತು ನಾನು ಕೇಳಿರಲಿಲ್ಲ. ಕತ್ತಲಲ್ಲಿ ಕ್ವೇಸಿ ಬಗ್ಗಿದ್ದು ಗೊತ್ತಾಯಿತು, ಅಜ್ಜನ ಒಣಗಿದ ಕೈ ಅವನ ತಲೆ ಸವರಿದ ಸದ್ದು ಕೇಳಿತು. ಅಷ್ಟೇ. ಯಾರೂ ನಕಾಶೆ ತೆರೆಯಲಿಲ್ಲ. ಸ್ವಲ್ಪ ಹೊತ್ತಿಗೆ ಮಿಸ್ಟರ್ ಮೆನ್ಸಾ "ಈಗ" ಎಂದರು. ಟೆಂಪೋ ನಿಂತಿತು. ಬಾಗಿಲು ತೆರೆದರೆ ಅಜ್ಜಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

ಕ್ವೇಸಿ ಪಾಸಾದ, ಊರಿಗೆ ಹೋದ. ಕೆಲವು ವರ್ಷ ಕಾಗದ ಬಂದವು, ಆಮೇಲೆ ನಿಂತವು. ಅಜ್ಜ ಹೋದ, ಅಜ್ಜಿ ಹೋದಳು. ಮಾಳಿಗೆ ಇದ್ದ ಜಾಗದಲ್ಲಿ ಈಗ ಆರು ಮಹಡಿಯ ಕಟ್ಟಡ. ಅಟ್ಟ ಖಾಲಿ ಮಾಡುವಾಗ ನಕಾಶೆಯೂ ಲಗ್ನಪತ್ರಿಕೆಯೂ ರದ್ದಿಗೆ ಹೋದವು. ನಾನು ಊರಲ್ಲಿರಲಿಲ್ಲ.

ಆ ಬೇಸಿಗೆಯಿಂದ ಈ ಹುಚ್ಚು ನನ್ನನ್ನು ಬಿಟ್ಟಿಲ್ಲ. ಯಾರೂ ಕಲಿಸಿದ್ದಲ್ಲ, ನಾನೇ ಹುಡುಕಿ ಹುಡುಕಿ ಓದಿದ್ದು. ವಿಮಾನಗಳ ಬಗ್ಗೆ ದಪ್ಪ ದಪ್ಪ ಪುಸ್ತಕಗಳಿವೆ. ಯಾವ ರೆಕ್ಕೆ ಎಷ್ಟು ಉದ್ದ, ಎಂಜಿನ್ನಿನ ಸದ್ದು ಹೇಗೆ, ಎಲ್ಲ ಇದೆ. ಪಶ್ಚಿಮ ಆಫ್ರಿಕಾದಿಂದ ಹೋಗಿ ಹಾರಿದ ಆ ಹುಡುಗರ ಬಗ್ಗೆ ಎಲ್ಲೋ ಒಂದು ಸಾಲು, ಎಲ್ಲೋ ಅರ್ಧ ಪುಟ. ಅವರ ಪೈಕಿ ಒಬ್ಬರು ನನ್ನ ಪಕ್ಕದಲ್ಲಿ ಕೂತು ರೊಟ್ಟಿ ತಿಂದಿದ್ದರು. ಆರು ನಿಮಿಷದ ಲೆಕ್ಕ ಕೇಳಿಕೊಂಡೆ, ಆ ಕೆಂಪು ಕೂದಲಿನ ಪೈಲಟ್ಟನ ಹೆಸರು ಕೇಳಲಿಲ್ಲ. ಶೆಡ್ಡಿನಲ್ಲಿ ತಮ್ಮ ಕಡೆಯ ಇನ್ನೊಬ್ಬ ಹುಡುಗನೂ ಇದ್ದ ಎಂದಿದ್ದರು. ಅವನನ್ನು ಯಾರಾದರೂ ಕರೆದರೇ ಎಂದು ಕೇಳಲಿಲ್ಲ. ಕೇಳಬಹುದಾಗಿದ್ದವರು ಈಗ ಯಾರೂ ಉಳಿದಿಲ್ಲ.

ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ. ಪುಣೆಯಲ್ಲೋ ಧಾರವಾಡದಲ್ಲೋ ಮೈಸೂರಿನಲ್ಲೋ ನಿಮ್ಮ ಮನೆಯ ಮೇಲಿನ ಖೋಲಿಯಲ್ಲಿ ಆಫ್ರಿಕಾದ ಹುಡುಗರು ಓದಲು ಇದ್ದರೇ? ನಿಮ್ಮಜ್ಜ ಯಾವುದಾದರೂ ವಿಮಾನ ನಿಲ್ದಾಣದಲ್ಲಿ ಬಲೂನು ಬಿಟ್ಟಿದ್ದರೇ, ಪೆಟ್ರೋಲು ತುಂಬಿದ್ದರೇ, ಅಡುಗೆ ಮಾಡಿದ್ದರೇ? ಅವರು ಹೇಳಿದ್ದು ಅರ್ಧ ನೆನಪಿದ್ದರೆ ಅರ್ಧವನ್ನೇ ಬರೆಯಿರಿ. ಒಂದು ಹೆಸರು ಗೊತ್ತಿದ್ದರೆ ಆ ಹೆಸರನ್ನಷ್ಟೇ ಆದರೂ ಬರೆಯಿರಿ.